ಇಸ್ಪೀಟು ಫ್ಯಾಕ್ಟರಿಯ ಮೆಂಟೆನೆನ್ಸ್ ಇಂಜಿನಿಯರ್: ಗುನ್‌ಪೇ ಯೊಕೊಯ್

ಲ್ಯಾಬಿನಲ್ಲಿ ಮಲ್ಟಿಮೀಟರ್ ಕೈಗೆ ಸಿಕ್ಕಿದ ಮೊದಲ ವಾರ ನಾವೆಲ್ಲ ಮಾಡೋ ಕೆಲಸ ಒಂದೇ. ಕೆಂಪು ಪ್ರೋಬ್ ಒಂದು ಕೈಯಲ್ಲಿ, ಕಪ್ಪು ಪ್ರೋಬ್ ಇನ್ನೊಂದು ಕೈಯಲ್ಲಿ ಹಿಡಿದು ನಮ್ಮ ಮೈಯ ರೆಸಿಸ್ಟೆನ್ಸ್ ಎಷ್ಟು ಅಂತ ನೋಡ್ತೀವಿ. ಅಷ್ಟರಲ್ಲಿ ಪಕ್ಕದವನು ಕೈ ಕೊಡ್ತಾನೆ, ಇಬ್ಬರದ್ದೂ ಸೇರಿ ಎಷ್ಟು ಅಂತ ನೋಡ್ತೀವಿ. 1969ರಲ್ಲಿ ಜಪಾನಿನ ಒಬ್ಬ ಇಂಜಿನಿಯರ್ ಇದೇ ಆಟವನ್ನ ಒಂದು ಪುಟ್ಟ ಡಬ್ಬಿಗೆ ಹಾಕಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು. ಹೆಸರು ಲವ್ ಟೆಸ್ಟರ್. ಕಂಪನಿ ನಿಂಟೆಂಡೊ. ಆ ಇಂಜಿನಿಯರೇ ಮುಂದೆ ಗೇಮ್ ಬಾಯ್ ಮಾಡಿದ ಗುನ್‌ಪೇ ಯೊಕೊಯ್.

ಯೊಕೊಯ್ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೊದಲ್ಲಿ. ಅದೇ ಊರಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಕ್ಲಾಸಿಗೆ ಫಸ್ಟ್ ಬರೋ ಹುಡುಗನೇನಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳಲ್ಲಿ ಕೆಲಸ ಸಿಗಲಿಲ್ಲ. ಕೊನೆಗೆ 1965ರಲ್ಲಿ ಊರಲ್ಲೇ ಇದ್ದ ನಿಂಟೆಂಡೊ ಸೇರಿದರು. ಆಗಿನ ನಿಂಟೆಂಡೊ ಅಂದ್ರೆ ಹನಾಫುಡಾ ಅನ್ನೋ ಹೂವಿನ ಚಿತ್ರದ ಎಲೆಗಳನ್ನೂ ಇಸ್ಪೀಟು ಎಲೆಗಳನ್ನೂ ತಯಾರಿಸೋ ಕಂಪನಿ. ಯೊಕೊಯ್‌ಗೆ ಸಿಕ್ಕ ಕೆಲಸ ಆ ಎಲೆ ಮಾಡೋ ಮೆಷಿನ್‌ಗಳ ಮೆಂಟೆನೆನ್ಸ್. ನಮ್ಮ ಪ್ಲೇಸ್‌ಮೆಂಟ್ ಭಾಷೆಯಲ್ಲಿ ಹೇಳೋದಾದ್ರೆ, ಇದು ಡ್ರೀಮ್ ಆಫರ್ ಖಂಡಿತ ಅಲ್ಲ.

ಮೆಷಿನ್ ಸರಿಯಾಗಿ ಓಡ್ತಿದ್ದರೆ ಮೆಂಟೆನೆನ್ಸ್ ಇಂಜಿನಿಯರ್‌ಗೆ ಕೆಲಸ ಇರೋದಿಲ್ಲ. ಬೇಜಾರಾಗಿ ಯೊಕೊಯ್ ಕತ್ತರಿಯ ಹಾಗೆ ಅಡ್ಡಡ್ಡ ಜೋಡಿಸಿದ ಪಟ್ಟಿಗಳಿಂದ ಒಂದು ಉದ್ದನೆಯ ಕೈ ಮಾಡ್ಕೊಂಡರು. ಹಿಡಿಕೆ ಒತ್ತಿದರೆ ಮುಂದಕ್ಕೆ ಚಾಚಿಕೊಂಡು ದೂರದ ವಸ್ತುವನ್ನ ಹಿಡಿಯುತ್ತೆ. ಇದು ಕಂಪನಿಯ ಅಧ್ಯಕ್ಷ ಹಿರೋಶಿ ಯಮಾಉಚಿ ಅವರ ಕಣ್ಣಿಗೆ ಬಿತ್ತು. ಬೈಗುಳ ಬೀಳುತ್ತೆ ಅಂದುಕೊಂಡಿದ್ದ ಹುಡುಗನಿಗೆ, ಇದನ್ನ ಮಾರಾಟದ ಆಟಿಕೆಯಾಗಿ ಮಾಡು ಅನ್ನೋ ಆದೇಶ ಬಂತು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಅನ್ನೋ ಹೆಸರಲ್ಲಿ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ ಆಯ್ತು. ಮೆಂಟೆನೆನ್ಸ್ ಕೆಲಸ ಅಲ್ಲಿಗೆ ಮುಗೀತು, ಯೊಕೊಯ್ ಆಟಿಕೆ ಮಾಡೋರಾದರು.

ಈಗ ಲವ್ ಟೆಸ್ಟರ್ ವಿಷಯಕ್ಕೆ ಬರೋಣ. ಒಂದು ಮೀಟರ್, ಅದರಿಂದ ಹೊರಟ ಎರಡು ವೈರ್, ತುದಿಯಲ್ಲಿ ಲೋಹದ ಹಿಡಿಕೆಗಳು. ಹುಡುಗ ಒಂದನ್ನ ಹಿಡೀಬೇಕು, ಹುಡುಗಿ ಇನ್ನೊಂದನ್ನ. ಖಾಲಿ ಇರೋ ಕೈಗಳನ್ನ ಇಬ್ಬರೂ ಪರಸ್ಪರ ಹಿಡ್ಕೊಂಡರೆ ಸರ್ಕ್ಯೂಟ್ ಪೂರ್ತಿಯಾಗುತ್ತೆ, ಮೀಟರಿನ ಮುಳ್ಳು ಏಳುತ್ತೆ. ಮುಳ್ಳು ಎಷ್ಟು ಏಳುತ್ತೋ ಅಷ್ಟು ಪ್ರೀತಿ! ಹುಡುಗಿಯರ ಕೈ ಹಿಡಿಯೋಕೆ ಒಂದು ನೆಪ ಬೇಕಿತ್ತು ಅಂತ ಯೊಕೊಯ್ ಮುಂದೆ ತಾವೇ ಹೇಳಿಕೊಂಡಿದ್ದಾರೆ.

ಒಳಗೆ ಇರೋದು ನಮಗೆಲ್ಲ ಗೊತ್ತಿರೋ ಓಮ್ಸ್ ಲಾ. ಒಣ ಚರ್ಮದ ರೆಸಿಸ್ಟೆನ್ಸ್ ಸುಮಾರು ಒಂದು ಲಕ್ಷ ಓಮ್ ಅಂತ ಇಟ್ಟುಕೊಳ್ಳೋಣ. 9 ವೋಲ್ಟ್ ಬ್ಯಾಟರಿ ಹಾಕಿದರೆ ಹರಿಯೋ ಕರೆಂಟ್ 90 ಮೈಕ್ರೋ ಆಂಪಿಯರ್. ಇಬ್ಬರು ಸೀರೀಸ್‌ನಲ್ಲಿ ನಿಂತರೆ ಇನ್ನೂ ಕಮ್ಮಿ. ಆದರೆ ಅಂಗೈ ಬೆವೆತರೆ ರೆಸಿಸ್ಟೆನ್ಸ್ ಇಳಿಯುತ್ತೆ, ಕರೆಂಟ್ ಏರುತ್ತೆ. ಇಷ್ಟಪಟ್ಟವರ ಕೈ ಹಿಡಿದಾಗ ಯಾರಿಗೆ ತಾನೇ ಬೆವರು ಬರೋದಿಲ್ಲ? ಹಾಗಾಗಿ ಯಂತ್ರ ಪೂರ್ತಿ ಸುಳ್ಳನ್ನೇನೂ ಹೇಳ್ತಿರಲಿಲ್ಲ.

ಇವತ್ತು ನಾವು ಇಂಥದ್ದೊಂದು ಪ್ರೋಬ್ ಮಾಡೋಕೆ ಬೇಕಾಗೋದು ಒಂದು 9 ವೋಲ್ಟ್ ಬ್ಯಾಟರಿ, ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು ಎಲ್‌ಇಡಿ, ಎರಡು ರೆಸಿಸ್ಟರ್, ಎರಡು ತುಂಡು ವೈರ್. ಬ್ಯಾಟರಿಯ ಪ್ಲಸ್‌ನಿಂದ ಒಂದು ರೆಸಿಸ್ಟರ್ ಮೂಲಕ ಮೊದಲ ಪ್ರೋಬ್, ಎರಡನೇ ಪ್ರೋಬ್ ಟ್ರಾನ್ಸಿಸ್ಟರಿನ ಬೇಸ್‌ಗೆ. ಕಲೆಕ್ಟರ್ ಕಡೆ ಇನ್ನೊಂದು ರೆಸಿಸ್ಟರ್ ಜೊತೆ ಎಲ್‌ಇಡಿ, ಎಮಿಟರ್ ನೇರ ಮೈನಸ್‌ಗೆ. ಮೈಯಲ್ಲಿ ಹರಿದ ಪುಟ್ಟ ಕರೆಂಟನ್ನ ಟ್ರಾನ್ಸಿಸ್ಟರ್ ನೂರಾರು ಪಟ್ಟು ಹೆಚ್ಚಿಸಿ ದೀಪ ಹೊತ್ತಿಸುತ್ತೆ. ಒಂದೇ ಎಚ್ಚರಿಕೆ: ಇದು ಬ್ಯಾಟರಿಯ ಆಟ ಮಾತ್ರ, ಗೋಡೆಯ ಪ್ಲಗ್ ಹತ್ತಿರ ಹೋಗೋ ಹಾಗಿಲ್ಲ.

ಈ ಸರ್ಕ್ಯೂಟಿನಲ್ಲಿ ಯೊಕೊಯ್ ಕಂಡುಹಿಡಿದಿದ್ದು ಏನೂ ಇಲ್ಲ. ಮೈಯಲ್ಲಿ ಕರೆಂಟ್ ಹರಿಯುತ್ತೆ ಅನ್ನೋದು ಹಳೇ ಸಂಗತಿ, ಮೀಟರ್ ಕೂಡ ಹಳೇದು. ಅಳೆಯೋ ಉಪಕರಣ ಒಂದು ಆಟಿಕೆಯಾಗಬಹುದು ಅನ್ನೋದು ಮಾತ್ರ ಹೊಸದು. ಅವರ ಜೀವನ ಪೂರ್ತಿ ನೋಡಿದರೆ ಇದೇ ಮತ್ತೆ ಮತ್ತೆ ಕಾಣುತ್ತೆ.

1970ರಲ್ಲಿ ಬಂದ ಲೈಟ್ ಗನ್ ನೋಡಿ. ಶಾರ್ಪ್ ಕಂಪನಿಯ ಸೋಲಾರ್ ಸೆಲ್ ಮಾರೋಕೆ ನಿಂಟೆಂಡೊಗೆ ಬಂದವರು ಮಸಾಯುಕಿ ಉಎಮುರಾ. ಸೋಲಾರ್ ಸೆಲ್ ಅಂದ್ರೆ ಬಿಸಿಲಿನಿಂದ ಕರೆಂಟ್ ಮಾಡೋಕೆ ಅಂತ ಎಲ್ಲರ ಲೆಕ್ಕ. ಯೊಕೊಯ್ ಅದನ್ನ ಬೆಳಕು ಬಿತ್ತೋ ಇಲ್ವೋ ಅಂತ ಹೇಳೋ ಸೆನ್ಸರ್ ಆಗಿ ನೋಡಿದರು. ಬಂದೂಕಿನಿಂದ ಬೆಳಕಿನ ಮಿಂಚು, ಗುರಿಯಲ್ಲಿ ಸೆಲ್. ಬೆಳಕು ತಾಗಿದರೆ ಗುರಿ ಬಿದ್ದ ಹಾಗೆ. ಉಎಮುರಾ ಆಮೇಲೆ ನಿಂಟೆಂಡೊನೇ ಸೇರಿ ಫ್ಯಾಮಿಕಾಮ್ ವಿನ್ಯಾಸ ಮಾಡಿದರು.

1972ರ ಲೆಫ್ಟಿ ಆರ್‌ಎಕ್ಸ್ ಇನ್ನೂ ಮಜವಾಗಿದೆ. ಆಗ ರಿಮೋಟ್ ಕಾರು ತುಂಬಾ ದುಬಾರಿ. ಯೊಕೊಯ್ ಮಾಡಿದ ಕಾರು ನೇರ ಹೋಗುತ್ತೆ, ಎಡಕ್ಕೆ ತಿರುಗುತ್ತೆ, ಬಲಕ್ಕೆ ತಿರುಗೋದೇ ಇಲ್ಲ. ದುಂಡಗಿನ ಟ್ರ್ಯಾಕಿನಲ್ಲಿ ರೇಸ್ ಆಡೋಕೆ ಬಲಕ್ಕೆ ಯಾಕೆ ತಿರುಗಬೇಕು? ಒಂದು ಫೀಚರ್ ತೆಗೆದಿದ್ದಕ್ಕೆ ಬೆಲೆ ಇಳೀತು, ಸಾಮಾನ್ಯ ಮನೆಯ ಮಕ್ಕಳ ಕೈಗೂ ರಿಮೋಟ್ ಕಾರು ಬಂತು. ಪ್ರಾಜೆಕ್ಟ್‌ಗೆ ಇನ್ನೊಂದು ಫೀಚರ್ ಸೇರಿಸೋಣ ಅಂತ ರಾತ್ರಿಯೆಲ್ಲ ಕೂರೋ ನಮಗೆ ಇದು ನಾಟಬೇಕಾದ ಮಾತು.

ಎಲ್ಲವೂ ಗೆದ್ದಿತು ಅಂತೇನಿಲ್ಲ. ಲೈಟ್ ಗನ್ನನ್ನೇ ದೊಡ್ಡದು ಮಾಡಿ, 1973ರಲ್ಲಿ ಖಾಲಿ ಬಿದ್ದ ಬೌಲಿಂಗ್ ಹಾಲ್‌ಗಳಲ್ಲಿ ಲೇಸರ್ ಕ್ಲೇ ಅನ್ನೋ ಶೂಟಿಂಗ್ ಆಟ ಶುರು ಮಾಡಿದರು. ಅದೇ ವರ್ಷ ತೈಲ ಬಿಕ್ಕಟ್ಟು ಬಂತು, ಆರ್ಡರ್‌ಗಳು ರದ್ದಾದವು, ಕಂಪನಿ ಸಾಲಕ್ಕೆ ಬಿತ್ತು.

ನಿಂಟೆಂಡೊವನ್ನ ಮೇಲೆತ್ತಿದವುಗಳಲ್ಲಿ ಒಂದು ಗೇಮ್ ಅಂಡ್ ವಾಚ್. ಬುಲೆಟ್ ಟ್ರೇನಿನಲ್ಲಿ ಹೋಗುವಾಗ ಒಬ್ಬ ಆಫೀಸಿನವರು ಹೊತ್ತು ಹೋಗದೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನ ಯೊಕೊಯ್ ನೋಡಿದರು. ಆಮೇಲೊಂದು ದಿನ ಅಧ್ಯಕ್ಷರ ಡ್ರೈವರ್ ರಜೆ ಇದ್ದಾಗ ಕಾರು ಓಡಿಸೋ ಕೆಲಸ ಇವರ ಪಾಲಿಗೆ ಬಂತು. ದಾರಿಯಲ್ಲಿ, ಕ್ಯಾಲ್ಕುಲೇಟರಿನಷ್ಟೇ ತೆಳ್ಳಗಿನ ಆಟದ ಯಂತ್ರ ಮಾಡಬಹುದಲ್ವಾ ಅಂತ ಹೇಳಿಬಿಟ್ಟರು. ಯಮಾಉಚಿ ಆ ಮಾತನ್ನ ಶಾರ್ಪ್ ಕಂಪನಿಯ ತನಕ ಒಯ್ದರು. ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದ ಎಲ್‌ಸಿಡಿಯೂ ಚಿಪ್ಪೂ ಅಗ್ಗವಾಗಿದ್ದ ಕಾಲ ಅದು. 1980ರಲ್ಲಿ ಮೊದಲ ಆಟ ಬಂತು. ಒಟ್ಟು ಸರಣಿ 4 ಕೋಟಿಗೂ ಹೆಚ್ಚು ಮಾರಾಟ ಆಯ್ತು.

ಇದೇ ಸರಣಿಯ 1982ರ ಡಾಂಕಿ ಕಾಂಗ್‌ಗೆ ಯೊಕೊಯ್ ಮಾಡಿದ್ದು ನಮ್ಮ ಹೆಬ್ಬೆರಳಿಗೆಲ್ಲ ಪರಿಚಯ ಇರೋ ಪ್ಲಸ್ ಆಕಾರದ ಬಟನ್. ಜೇಬಿನಲ್ಲಿಡೋ ಯಂತ್ರಕ್ಕೆ ಜಾಯ್‌ಸ್ಟಿಕ್ ಹಾಕೋಕಾಗಲ್ಲ. ಹಾಗಾಗಿ ಒಂದೇ ತುಂಡು, ನಡುವೆ ಆಧಾರ, ನಾಲ್ಕು ತುದಿಗೆ ನಾಲ್ಕು ಸ್ವಿಚ್. ನೋಡದೇನೇ ಬೆರಳಿಗೆ ದಿಕ್ಕು ಗೊತ್ತಾಗುತ್ತೆ. ಇವತ್ತಿನ ಕಂಟ್ರೋಲರ್ ಬಿಚ್ಚಿದರೂ ಅನೇಕದರಲ್ಲಿ ಬಟನ್ ಕೆಳಗೆ ರಬ್ಬರ್, ರಬ್ಬರಿನಡಿ ಕಾರ್ಬನ್ ತುಂಡು, ಬೋರ್ಡಿನ ಮೇಲೆ ಎರಡು ಪಟ್ಟಿ ಕಾಣುತ್ತೆ. ಒತ್ತಿದಾಗ ಕಾರ್ಬನ್ ಎರಡೂ ಪಟ್ಟಿಯನ್ನ ಸೇರಿಸುತ್ತೆ. ಕಾರ್ಬನ್ನಿನ ರೆಸಿಸ್ಟೆನ್ಸ್ ಜಾಸ್ತಿ ಇದ್ದರೆ ಬಟನ್ ಚೆನ್ನಾಗಿದ್ದರೂ ಮಲ್ಟಿಮೀಟರಿನ ಬೀಪ್ ಬರದೇ ಇರಬಹುದು. ಆದರೆ ನಾವು ಮೇಲೆ ಹೇಳಿದ ಪ್ರೋಬ್ ಮೈಯ ಲಕ್ಷ ಓಮನ್ನೇ ದಾಟಿ ದೀಪ ಹೊತ್ತಿಸೋವಂಥದ್ದು, ಕಾರ್ಬನ್ ಅದಕ್ಕೆ ಲೆಕ್ಕಕ್ಕಿಲ್ಲ. ಕಂಟ್ರೋಲರಿನ ಪವರ್ ತೆಗೆದು, ಬೋರ್ಡಿನಿಂದ ಬೇರೆ ಮಾಡಿದ ರಬ್ಬರಿನ ಕಾರ್ಬನ್ ತುಂಡಿಗೆ ಎರಡೂ ಪ್ರೋಬ್ ತಾಗಿಸಿದರೆ ಸತ್ತಿರೋ ಬಟನ್ ಯಾವುದು ಅಂತ ಗೊತ್ತಾಗುತ್ತೆ. ಪ್ರೀತಿ ಅಳೆದ ಸರ್ಕ್ಯೂಟೇ ರಿಪೇರಿಗೂ ಬರುತ್ತೆ.

ಯೊಕೊಯ್ ತಮ್ಮ ದಾರಿಗೆ ಒಂದು ಹೆಸರನ್ನೂ ಕೊಟ್ಟಿದ್ದರು. ಜಪಾನಿ ಭಾಷೆಯಲ್ಲಿ ಒಣಗಿದ ಅನ್ನೋ ಅರ್ಥದ ಪದವನ್ನ ತಂತ್ರಜ್ಞಾನಕ್ಕೆ ಸೇರಿಸಿದರೆ, ಹಳೇದಾಗಿ, ಪಳಗಿ, ಅಗ್ಗವಾಗಿ, ಅದರ ಗುಣದೋಷ ಎಲ್ಲರಿಗೂ ತಿಳಿದಿರೋದು ಅಂತ ಅರ್ಥ. ಅಂಥದ್ದನ್ನ ತೆಗೆದುಕೊಂಡು ಯಾರೂ ಬಳಸದ ಕಡೆ ಬಳಸು ಅನ್ನೋದು ಅವರ ಸೂತ್ರ.

ಈ ಸೂತ್ರದ ದೊಡ್ಡ ಪರೀಕ್ಷೆ 1989ರ ಗೇಮ್ ಬಾಯ್. ಬಣ್ಣ ಇಲ್ಲ, ಹಿಂದೆ ಬೆಳಕಿಲ್ಲ, ಹಸಿರು ಮಿಶ್ರಿತ ಪರದೆಯಲ್ಲಿ ನಾಲ್ಕೇ ಛಾಯೆ. 8 ಬಿಟ್ ಪ್ರೊಸೆಸರ್, ವೇಗ ಸುಮಾರು 4 ಮೆಗಾಹರ್ಟ್ಸ್. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ನಲ್ಲಿ ಬಣ್ಣದ ಪರದೆ ಇತ್ತು, ಬೆಳಕೂ ಇತ್ತು. ಆದರೆ ಲಿಂಕ್ಸ್ ಆರು ಪೆನ್‌ಸೆಲ್ ತಿಂದು ಐದು ಗಂಟೆಯೊಳಗೆ ಸುಸ್ತಾಗುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹದಿನೈದು ಗಂಟೆಯ ಮೇಲೆ ಓಡ್ತಿತ್ತು. ಅಮೆರಿಕದಲ್ಲಿ ಅದರ ಬೆಲೆ ಲಿಂಕ್ಸಿನ ಅರ್ಧ. ಇದು ಯೊಕೊಯ್ ಒಬ್ಬರ ಕೆಲಸ ಅಂತ ಹೇಳಿದರೆ ತಪ್ಪಾಗುತ್ತೆ. ಸತೊರು ಒಕಾಡ ಮತ್ತು ಇಡೀ ತಂಡದ ಇಂಜಿನಿಯರಿಂಗ್ ಅದರಲ್ಲಿದೆ. ಮುಂದೆ ಬಂದ ಗೇಮ್ ಬಾಯ್ ಕಲರ್ ಸೇರಿ ಮಾರಾಟವಾಗಿದ್ದು 11 ಕೋಟಿಗೂ ಹೆಚ್ಚು.

ಆಮೇಲೆ ಬಂದಿದ್ದು ಸೋಲು. 1995ರ ವರ್ಚುವಲ್ ಬಾಯ್ ಕಣ್ಣಿಗೆ ಹಚ್ಚಿಕೊಂಡು ನೋಡೋ ತ್ರೀಡಿ ಯಂತ್ರ. ಕೆಂಪು ಎಲ್‌ಇಡಿಗಳ ಸಾಲು, ಅದರ ಮುಂದೆ ವೇಗವಾಗಿ ಅಲುಗೋ ಕನ್ನಡಿ. ಕೆಂಪು ಎಲ್‌ಇಡಿ ಅಗ್ಗ, ಕರೆಂಟೂ ಕಮ್ಮಿ. ಅಂದ್ರೆ ಇಲ್ಲೂ ಅದೇ ಸೂತ್ರ. ಆದರೆ ಆಡಿದವರಿಗೆ ಕಣ್ಣುನೋವು, ತಲೆನೋವು. ಒಂದು ವರ್ಷ ಪೂರ್ತಿಯಾಗೋ ಮೊದಲೇ ಮಾರಾಟ ನಿಂತಿತು. ಅಗ್ಗದ ಪಾರ್ಟ್ ಹುಡುಕಿದರಷ್ಟೇ ಸಾಲದು, ಅದು ಮನುಷ್ಯನ ಮೈಗೆ ಹೊಂದಬೇಕು ಅನ್ನೋದು ಇಲ್ಲಿ ಗೊತ್ತಾಗುತ್ತೆ. ಲವ್ ಟೆಸ್ಟರ್ ಕೈಗೆ ಹೊಂದಿತ್ತು, ಪ್ಲಸ್ ಬಟನ್ ಹೆಬ್ಬೆರಳಿಗೆ ಹೊಂದಿತ್ತು, ಇದು ಕಣ್ಣಿಗೆ ಹೊಂದಲಿಲ್ಲ.

1996ರ ಆಗಸ್ಟ್‌ನಲ್ಲಿ ಯೊಕೊಯ್ ನಿಂಟೆಂಡೊ ಬಿಟ್ಟರು. ಸೋಲಿನಿಂದಾಗಿ ಬಿಟ್ಟರು ಅಂತ ಜನ ಮಾತಾಡಿಕೊಂಡರು. ಸ್ವಂತ ದಾರಿ ಹಿಡಿಯೋ ಯೋಚನೆ ಮೊದಲೇ ಇತ್ತು ಅನ್ನೋದು ಅವರ ಉತ್ತರ. ಮೂವತ್ತೊಂದು ವರ್ಷದ ಕೆಲಸ ಬಿಟ್ಟು, ಐವತ್ತೈದರ ಹತ್ತಿರದಲ್ಲಿ ಕ್ಯೋಟೊದಲ್ಲೇ ಕೋಟೊ ಅನ್ನೋ ಸಣ್ಣ ಕಂಪನಿ ಶುರು ಮಾಡಿದರು. ಬಂದಾಯ್ ಕಂಪನಿಗಾಗಿ ಒಂದು ಹೊಸ ಕೈಯಾಟದ ಯಂತ್ರದ ಕೆಲಸ ಹಿಡಿದರು.

1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಗಿದೆ ನೋಡೋಣ ಅಂತ ಇಳಿದಾಗ ಇನ್ನೊಂದು ಕಾರು ಬಂದು ಹೊಡೆಯಿತು. ಯೊಕೊಯ್ ತೀರಿಕೊಂಡರು. 56 ವರ್ಷ.

ಅವರು ಕೈ ಹಾಕಿದ್ದ ಆ ಯಂತ್ರ ವಂಡರ್‌ಸ್ವಾನ್ ಅನ್ನೋ ಹೆಸರಲ್ಲಿ 1999ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂತು. ಜೊತೆಗೆ ಬಂದ ಒಂದು ಪಝಲ್ ಆಟಕ್ಕೆ ಅವರ ನೆನಪಲ್ಲಿ ಗುನ್‌ಪೇ ಅಂತಲೇ ಹೆಸರಿಟ್ಟರು. ಪರದೆಗೆ ಬಣ್ಣ ಇರಲಿಲ್ಲ. ಬೆಲೆ 4,800 ಯೆನ್, ಹತ್ತು ವರ್ಷ ಹಿಂದೆ ಗೇಮ್ ಬಾಯ್ ಜಪಾನಿನಲ್ಲಿ ಬಂದಾಗ ಇದ್ದ ಬೆಲೆಯ ಅರ್ಧಕ್ಕಿಂತ ಕಮ್ಮಿ. ಗೇಮ್ ಬಾಯ್‌ಗೆ ನಾಲ್ಕು ಪೆನ್‌ಸೆಲ್ ಬೇಕಿತ್ತು. ಇದು ಒಂದೇ ಒಂದು ಸೆಲ್‌ನಲ್ಲಿ ಮೂವತ್ತು ಗಂಟೆ ಓಡ್ತಿತ್ತು.