ಮಳೆಯ ಗುಟ್ಟು ಹುಡುಕಿ ಹೊರಟ ವಾಕರ್, ಮೀನುಗಾರರಿಗೆ ದಕ್ಕಿದ ಸುಳಿವು

ಹೈದರಾಬಾದ್: ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಸುತ್ತ ಎಲ್ಲಿ ನೋಡಿದರೂ ಕಡಲಿಲ್ಲ. ಆದರೂ ಮಲ್ಪೆ, ಮಂಗಳೂರಿನ ಬೋಟುಗಳು ಎಲ್ಲಿ ಬಲೆ ಬೀಸಿದರೆ ಮೀನು ಸಿಕ್ಕೀತು ಎಂಬ ಸೂಚನೆ ಹೊರಡುವುದು ಇಲ್ಲಿಗೆ ಹತ್ತಿರದ ಪ್ರಗತಿ ನಗರದಲ್ಲಿರುವ ಇನ್ಕಾಯ್ಸ್ ಸಂಸ್ಥೆಯಿಂದ. ಎಲ್ ನಿನೊ ಸ್ಥಿತಿಗತಿಯ ವರದಿಯನ್ನೂ ಈ ಸಂಸ್ಥೆ ಕೊಡುತ್ತದೆ. ಆ ವರದಿಯ ಮೂಲ ಹುಡುಕಿದರೆ ಸಿಗುವ ಹೆಸರು ಸರ್ ಗಿಲ್ಬರ್ಟ್ ವಾಕರ್. ಮೀನಿನ ಬಗ್ಗೆ ಅವರು ತಲೆ ಕೆಡಿಸಿಕೊಂಡವರೇ ಅಲ್ಲ!

1868ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಜನಿಸಿದ ವಾಕರ್ ಗಣಿತಜ್ಞ. ಕೇಂಬ್ರಿಜ್‌ನಲ್ಲಿ ಬೂಮರಾಂಗ್ ಎಸೆದು, ಅದರ ಹಾರಾಟದ ಲೆಕ್ಕ ಬರೆಯುತ್ತಿದ್ದವರು. ಹವಾಮಾನಶಾಸ್ತ್ರ ಓದಿರಲಿಲ್ಲ. ಆದರೂ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಅವರ ಹೆಗಲೇರಿತು. ಮೈಸೂರು ಸೀಮೆಯನ್ನು ಬರಿದು ಮಾಡಿದ 1876-78ರ ಧಾತು-ಈಶ್ವರ ಬರ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. 1899ರಲ್ಲಿ ಮುಂಗಾರು ಮತ್ತೆ ಕೈಕೊಟ್ಟಾಗ ಇಲಾಖೆಯ ಮುನ್ಸೂಚನೆಯೂ ತಪ್ಪಿತ್ತು.

ಮುಂಗಾರಿನ ಕೀಲಿಕೈ ಭಾರತದೊಳಗಷ್ಟೇ ಇಲ್ಲ ಎಂದು ವಾಕರ್ ಬಗೆದರು. ಜಗತ್ತಿನ ಮೂಲೆಮೂಲೆಯ ವಾಯುಭಾರ, ಮಳೆ, ಉಷ್ಣಾಂಶದ ದಾಖಲೆ ತರಿಸಿದರು. ಕಂಪ್ಯೂಟರ್ ಇಲ್ಲದ ಕಾಲ. ಭಾರತೀಯ ಗುಮಾಸ್ತರು ವರ್ಷಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿದರು. ಈ ನಡುವೆ 1913ರಲ್ಲಿ ಮದ್ರಾಸಿಗೆ ಹೋದಾಗ ರಾಮಾನುಜನ್ ಎಂಬ ಗುಮಾಸ್ತನ ಗಣಿತ ಕಂಡು, ವಿದ್ಯಾರ್ಥಿವೇತನ ಕೊಡುವಂತೆ ವಿಶ್ವವಿದ್ಯಾಲಯಕ್ಕೆ ಶಿಫಾರಸು ಬರೆದವರೂ ಇವರೇ.

ಕೊನೆಗೆ ಅಂಕಿಗಳ ರಾಶಿಯಲ್ಲಿ ಒಂದು ತೂಗುಯ್ಯಾಲೆ ಕಂಡಿತು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಇದಕ್ಕೆ ಅವರಿಟ್ಟ ಹೆಸರು ದಕ್ಷಿಣ ಆಂದೋಲನ. ಕಾರಣವೇನೆಂದು ವಿವರಿಸಲು ಆಗಲಿಲ್ಲ. ಮುಂಗಾರನ್ನು ನಿಖರವಾಗಿ ಹೇಳುವ ಆಸೆಯೂ ಕೈಗೂಡಲಿಲ್ಲ. ಬರೀ ಅಂಕಿಗಳ ಆಟವೆಂದು ಅನುಮಾನಿಸಿದವರೂ ಇದ್ದರು. 1924ರಲ್ಲಿ ಭಾರತ ಬಿಟ್ಟು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದ ಅವರು 1958ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಥೆಯ ಇನ್ನರ್ಧ ಪೆರು ಕರಾವಳಿಯ ದೋಣಿಗಾರರ ಬಳಿ ಇತ್ತು. ಕ್ರಿಸ್‌ಮಸ್ ಹೊತ್ತಿಗೆ ಬರುವ ಬೆಚ್ಚನೆಯ ನೀರಿಗೆ ಎಲ್ ನಿನೊ ಎಂದು ಹೆಸರಿಟ್ಟವರು ಅವರು. ಇವೆರಡೂ ಒಂದೇ ವಿದ್ಯಮಾನದ ಎರಡು ಮುಖ ಎಂದು ಜೇಕಬ್ ಬ್ಯರ್ಕ್‌ನೆಸ್ ತೋರಿಸಿದ್ದು 1969ರಲ್ಲಿ. ಗಾಳಿ ಸೊರಗಿದರೆ ತಳದ ತಂಪು ನೀರು ಮೇಲೇಳುವುದಿಲ್ಲ, ಪೋಷಕಾಂಶ ಬರುವುದಿಲ್ಲ, ಪ್ಲವಕ ಬೆಳೆಯುವುದಿಲ್ಲ, ಮೀನಿಗೆ ಮೇವಿಲ್ಲ. 1972ರಲ್ಲಿ ಅತಿಯಾದ ಮೀನುಗಾರಿಕೆಯ ಜೊತೆ ಎಲ್ ನಿನೊ ಸೇರಿ ಪೆರುವಿನ ಆಂಚೊವಿ ಮೀನುಗಾರಿಕೆ ಕುಸಿದುಬಿತ್ತು. ನಮ್ಮ ಪಶ್ಚಿಮ ಕರಾವಳಿಯ ಬೂತಾಯಿಯೂ ಇಂಥದೇ ಮೇವನ್ನು ನಂಬಿದ ಮೀನು. 2015ರ ಆಸುಪಾಸಿನಲ್ಲಿ ಕೇರಳದಲ್ಲಿ ಬೂತಾಯಿ ಇಳುವರಿ ಕುಸಿದಾಗ ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆರಳು ತೋರಿದ್ದು ಎಲ್ ನಿನೊ ಕಡೆಗೆ.