ಒಬ್ಬರಿಗೋಸ್ಕರ ಕಟ್ಟಿದ ರ್ಯಾಂಪ್

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹೈಸ್ಕೂಲಿನ ಎರಡನೇ ಮಹಾಯುದ್ಧದ ಪಾಠ ಮತ್ತು ಯಾಲ್ಟಾದಲ್ಲಿ ತೆಗೆದ ಆ ಫೋಟೋ. ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಮೂವರೂ ಕೂತಿದ್ದಾರೆ. ಮೂವರೂ ಕೂತಿರೋದ್ರಿಂದ ನಮಗೆ ಏನೂ ವಿಶೇಷ ಅನ್ನಿಸಲ್ಲ. ಆದ್ರೆ ನಡುವೆ ಇರುವವರಿಗೆ ಬೇರೆಯವರ ಸಹಾಯ ಇಲ್ಲದೆ ಎದ್ದು ನಿಲ್ಲೋಕೆ ಆಗ್ತಿರಲಿಲ್ಲ.

ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ. ಶ್ರೀಮಂತ ಮನೆತನ, ಹಾರ್ವರ್ಡ್ ಓದು, ಬೇಗನೆ ರಾಜಕೀಯ. ಅದೆಲ್ಲ ಎಲ್ಲಿ ಬೇಕಾದ್ರೂ ಓದಬಹುದು. ನಮ್ಮ ಕಥೆ ಶುರುವಾಗೋದು 1921ರ ಆಗಸ್ಟ್‌ನಲ್ಲಿ. ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪಕ್ಕೆ ರಜೆಗೆ ಹೋಗಿದ್ದಾಗ ಜ್ವರ ಬಂತು. ಕೆಲವೇ ದಿನಗಳಲ್ಲಿ ಕಾಲುಗಳ ಶಕ್ತಿ ಹೋಯ್ತು. ವೈದ್ಯರು ಪೋಲಿಯೊ ಅಂದರು. ಆಗ ಅವರಿಗೆ 39 ವರ್ಷ.

ಆ ಕಾಲದ ಗಾಲಿಕುರ್ಚಿಗಳು ದೊಡ್ಡವು, ಭಾರದವು, ಮನೆಯ ಬಾಗಿಲಲ್ಲಿ ತೂರುತ್ತಿರಲಿಲ್ಲ. ಅದಕ್ಕೆ ರೂಸ್‌ವೆಲ್ಟ್ ಕೈ ಇಲ್ಲದ ಒಂದು ಸಾಧಾರಣ ಅಡುಗೆಮನೆ ಕುರ್ಚಿಗೆ ಚಕ್ರ ಹಾಕಿಸಿಕೊಂಡರು. ಇಕ್ಕಟ್ಟಾದ ಜಾಗದಲ್ಲೂ ತಿರುಗುತ್ತೆ, ಪಕ್ಕದ ಸೋಫಾಗೆ ಜಾರಿಕೊಳ್ಳೋದೂ ಸುಲಭ. ಆಮೇಲೆ ಬ್ರೇಕು, ಕ್ಲಚ್ಚು ಎಲ್ಲ ಕೈಯಲ್ಲೇ ನಡೆಯೋ ಹಾಗೆ ಫೋರ್ಡ್ ಕಾರನ್ನೂ ಬದಲಾಯಿಸಿಕೊಂಡರು. ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಇದು ಖಂಡಿತ ಇಷ್ಟ ಆಗುತ್ತೆ.

ಮನೆಯೊಳಗೆ ಹೀಗೆ ನಡೆಯಿತು. ಸಭೆಗಳಿಗೆ ಹೋಗೋದು ಹೇಗೆ?

1924ರ ಜೂನ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಆಲ್ ಸ್ಮಿತ್ ಅವರ ಹೆಸರು ಸೂಚಿಸಿ ಮಾತಾಡಬೇಕಿತ್ತು. ಮನೆಯಲ್ಲಿ ಅಷ್ಟೇ ದೂರ ಅಳೆದು ವಾರಗಟ್ಟಲೆ ನಡೆಯೋ ಅಭ್ಯಾಸ ಮಾಡಿದರು. ಆ ದಿನ ವೇದಿಕೆಯಲ್ಲಿ ಹೆಜ್ಜೆ ಇಡೋಕೆ ಮುಂಚೆ, ಭಾಷಣದ ಪೀಠವನ್ನು ಅಲ್ಲಾಡಿಸಿ ನೋಡೋಕೆ ಒಬ್ಬರಿಗೆ ಹೇಳಿದರು, ತಮ್ಮ ಭಾರ ತಡೆಯುತ್ತಾ ಅಂತ. ಲೋಡ್ ಟೆಸ್ಟಿಂಗ್ ಅಂದ್ರೆ ಇದೇ ಅಲ್ವಾ? ಆಮೇಲೆ ಊರುಗೋಲುಗಳ ಮೇಲೆ ಸುಮಾರು 15 ಅಡಿ ದೂರ ಒಬ್ಬರೇ ಹೋದರು.

ಅದು ನಡಿಗೆ ಅನ್ನೋದಕ್ಕಿಂತ ನಡಿಗೆಯ ಹಾಗೆ ಕಾಣೋ ಒಂದು ಏರ್ಪಾಡು. ಎರಡೂ ಕಾಲಿಗೆ ಸುಮಾರು ನಾಲ್ಕೂವರೆ ಕೆಜಿ ಉಕ್ಕಿನ ಪಟ್ಟಿಗಳು, ಮೊಣಕಾಲಿನ ಹತ್ತಿರ ಲಾಕ್. ಲಾಕ್ ಹಾಕಿದರೆ ಕಾಲು ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತೆ. ಮುಂದೆ ಹೋಗಬೇಕಾದ್ರೆ ಮೈಭಾರವನ್ನು ಒಂದು ಬದಿಗೆ ಹಾಕಿ, ಇನ್ನೊಂದು ಕಾಲನ್ನು ಸೊಂಟದಿಂದ ಬೀಸಬೇಕು. ಬ್ಯಾಲೆನ್ಸ್ ತಪ್ಪಿದರೆ ಹಿಡಿದು ನಿಲ್ಲಿಸೋಕೆ ಕಾಲಿನಲ್ಲಿ ಶಕ್ತಿಯೇ ಇಲ್ಲ. 1928ರ ಹೊತ್ತಿಗೆ ಊರುಗೋಲು ಬಿಟ್ಟು, ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಮಗನ ತೋಳು ಹಿಡಿದು ನಡೆಯೋದನ್ನ ಕಲಿತರು. ಆ ವರ್ಷವೇ ನ್ಯೂಯಾರ್ಕ್ ಗವರ್ನರ್ ಆಗಿ ಆಯ್ಕೆಯಾದರು, 1932ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದರು.

ಅಧ್ಯಕ್ಷರಾದ ಮೇಲೆ ಅವರು ಹೋಗೋ ಜಾಗಕ್ಕೆಲ್ಲ ಸೀಕ್ರೆಟ್ ಸರ್ವಿಸ್‌ನವರು ಮೊದಲೇ ಹೋಗ್ತಿದ್ರು. ಮೆಟ್ಟಿಲಿದ್ದ ಕಡೆ ಮರದ ರ್ಯಾಂಪ್ ಕಟ್ಟೋರು. ಭಾಷಣದ ಪೀಠವನ್ನು ನೆಲಕ್ಕೆ ಬೋಲ್ಟ್ ಮಾಡೋರು. ಕೆಲವು ಕಡೆ ಕಾರೇ ವೇದಿಕೆಗೆ ಏರೋ ಹಾಗೆ ಇಳಿಜಾರು ಮಾಡಿ, ಕಾರಲ್ಲಿ ಕೂತೇ ಮಾತಾಡೋ ವ್ಯವಸ್ಥೆ. ಕಾರ್ಯಕ್ರಮ ಮುಗಿದ ಮೇಲೆ ಆ ರ್ಯಾಂಪ್ ಅಲ್ಲಿರಲ್ಲ. ಮಾರನೇ ದಿನ ಅದೇ ಸಭಾಂಗಣಕ್ಕೆ ಗಾಲಿಕುರ್ಚಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಬಂದರೆ ಅವನ ಎದುರಿಗೆ ಮತ್ತೆ ಅದೇ ಮೆಟ್ಟಿಲು.

ಮಾಡೋಕೆ ಬರಲ್ಲ ಅಂತ ಯಾರೂ ಬಿಟ್ಟಿದ್ದಲ್ಲ. 12 ವರ್ಷ ಊರೂರಲ್ಲಿ ಮಾಡಿ ತೋರಿಸಿದ್ರು, ಒಬ್ಬರಿಗೋಸ್ಕರ. (ನಮ್ಮ ಆಡಿಟೋರಿಯಂ ಸ್ಟೇಜಿಗೆ ಎರಡೂ ಕಡೆ ಮೆಟ್ಟಿಲು ಮಾತ್ರ ಇದೆ. ಫೆಸ್ಟ್ ಟೈಮಲ್ಲಿ ಸ್ಪೀಕರ್ ಬಾಕ್ಸ್ ಏರಿಸೋಕೆ ಮಾತ್ರ ಎಲ್ಲಿಂದಲೋ ಹಲಗೆ ಬರುತ್ತೆ.)

ಎಷ್ಟು ತಯಾರಿ ಮಾಡಿದ್ರೂ ಒಂದು ಸಲ ಕೈಕೊಟ್ಟಿತು. 1936ರ ಜೂನ್ 27, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಫೀಲ್ಡ್, ಲಕ್ಷ ಜನ. ವೇದಿಕೆ ಕಡೆ ಹೋಗ್ತಾ ಕವಿ ಎಡ್ವಿನ್ ಮಾರ್ಕಮ್ ಅವರ ಕೈ ಕುಲುಕೋಕೆ ತಿರುಗಿದಾಗ ಮೊಣಕಾಲಿನ ಲಾಕ್ ಬಿಚ್ಚಿಕೊಂಡು ಬಿದ್ದುಬಿಟ್ಟರು. ಭಾಷಣದ ಹಾಳೆಗಳು ಚೆಲ್ಲಾಪಿಲ್ಲಿ. ಜೊತೆಗಿದ್ದವರು ಎತ್ತಿ, ಲಾಕ್ ಹಾಕಿ, ಬಟ್ಟೆ ಕೊಡವಿದರು. ಸ್ವಲ್ಪ ಹೊತ್ತಲ್ಲೇ ಅವರು ಏನೂ ಆಗಿಲ್ಲ ಅನ್ನೋ ಹಾಗೆ ಭಾಷಣ ಶುರು ಮಾಡಿದ್ರು. ಅಲ್ಲಿದ್ದ ಹೆಚ್ಚಿನ ಜನರಿಗೆ ಬಿದ್ದದ್ದೇ ಗೊತ್ತಾಗಲಿಲ್ಲ.

ಗೊತ್ತಾಗಬಾರದು ಅನ್ನೋದೇ ಅವರ ನಿಯಮ ಆಗಿತ್ತು. ಉಕ್ಕಿನ ಪಟ್ಟಿಗೆ ಕಪ್ಪು ಬಣ್ಣ, ಪ್ಯಾಂಟು ಸ್ವಲ್ಪ ಉದ್ದ. ಗಾಲಿಕುರ್ಚಿಯಲ್ಲಿದ್ದಾಗ ಫೋಟೋ ತೆಗೆಯೋ ಹಾಗಿರಲಿಲ್ಲ. ಪೋಲಿಯೊ ಬಂದಿತ್ತು ಅಂತ ದೇಶಕ್ಕೆ ಗೊತ್ತಿತ್ತು, ಆದ್ರೆ ಗುಣ ಆಗಿದೆ ಅಂತಲೇ ತುಂಬಾ ಜನ ನಂಬಿದ್ರು. ಅವರನ್ನ ಬೈಯೋಕೆ ನಮಗೆ ಮನಸ್ಸಿಲ್ಲ. ನಡೆಯಲಾಗದವರಿಗೆ ಆ ಕಾಲದಲ್ಲಿ ಓಟು ಬೀಳ್ತಿತ್ತಾ ಅನ್ನೋದು ಅನುಮಾನ. ಆದ್ರೂ ಕಾಣದ ರ್ಯಾಂಪ್‌ನ ಯಾರೂ ಕೇಳಲ್ಲ ಅನ್ನೋದೂ ನಿಜ.

ಅವರು ಮುಚ್ಚುಮರೆ ಇಲ್ಲದೆ ಇದ್ದ ಒಂದು ಊರಿತ್ತು: ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್. ಅಲ್ಲಿನ ಬೆಚ್ಚಗಿನ ನೀರಿನ ತಾಣವನ್ನು 1926ರಲ್ಲಿ ಕೊಂಡು ಪೋಲಿಯೊ ಚಿಕಿತ್ಸಾ ಕೇಂದ್ರ ಮಾಡಿದರು. ಅಲ್ಲಿ ಕುರ್ಚಿಯಲ್ಲಿರೋದೇ ಮಾಮೂಲು. ಆದ್ರೆ ಕಪ್ಪು ಜನಾಂಗದ ರೋಗಿಗಳಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಅವರಿಗೆ 1941ರಲ್ಲಿ ಟಸ್ಕೀಗಿಯಲ್ಲಿ ಬೇರೆ ಕೇಂದ್ರ ಶುರುವಾಯ್ತು.

1945ರ ಮಾರ್ಚ್ 1ರಂದು, ಯಾಲ್ಟಾದಿಂದ ಬಂದ ಮೇಲೆ, ಅವರು ಅಮೆರಿಕದ ಸಂಸತ್ತಿನಲ್ಲಿ ಕೂತುಕೊಂಡೇ ಮಾತಾಡಿದರು. ಕಾಲಿನ ಉಕ್ಕಿನ ಭಾರದ ಬಗ್ಗೆ ಎಲ್ಲರ ಎದುರೇ ಹೇಳಿಕೊಂಡರು. ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ ತೀರಿಕೊಂಡರು.

12 ಅಡಿಗೆ 1 ಅಡಿಗಿಂತ ಹೆಚ್ಚು ಏರಬಾರದು ಅನ್ನೋ ರ್ಯಾಂಪಿನ ಅಳತೆ ಅಮೆರಿಕದ ಸ್ಟ್ಯಾಂಡರ್ಡ್‌ಗೆ ಬಂದಿದ್ದು 1961ರಲ್ಲಿ. ಸರ್ಕಾರಿ ಹಣದ ಕಟ್ಟಡಗಳಿಗೆ ಕಾನೂನು ಬಂದಿದ್ದು 1968ರಲ್ಲಿ. ಅದರ ಹಿಂದೆ ದುಡಿದ ಹ್ಯೂ ಗ್ಯಾಲಗರ್ ಸ್ವತಃ ಪೋಲಿಯೊದಿಂದ ಗಾಲಿಕುರ್ಚಿಯಲ್ಲಿದ್ದವರು. ರೂಸ್‌ವೆಲ್ಟ್ ಮುಚ್ಚಿಟ್ಟ ಕಥೆಯನ್ನ ಪುಸ್ತಕವಾಗಿ ಬರೆದವರೂ ಅವರೇ. ಥಿಯೇಟರು, ಸ್ಟೇಡಿಯಂಗಳನ್ನೂ ಒಳಗೊಂಡ ಕಾನೂನು ಬರೋಕೆ 1990 ಆಯ್ತು.

1997ರಲ್ಲಿ ವಾಷಿಂಗ್ಟನ್‌ನಲ್ಲಿ ಅವರ ಸ್ಮಾರಕ ತೆರೆದಾಗ ಪ್ರತಿಮೆಯ ಕುರ್ಚಿ ದೊಡ್ಡ ನಿಲುವಂಗಿಯ ಕೆಳಗೆ ಮುಚ್ಚಿಹೋಗಿತ್ತು. ಗೋಡೆಯ ಬ್ರೈಲ್ ಚುಕ್ಕಿಗಳೋ, ಬೆರಳಿಗೆ ಓದೋಕೆ ಸಿಗದಷ್ಟು ದೊಡ್ಡವು! ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿ, ಹಣ ಕೂಡಿಸಿದ ಮೇಲೆ 2001ರಲ್ಲಿ ಪ್ರವೇಶದ ಹತ್ತಿರವೇ ಇನ್ನೊಂದು ಪ್ರತಿಮೆ ಬಂತು. ಅದರಲ್ಲಿ ರೂಸ್‌ವೆಲ್ಟ್ ಚಕ್ರ ಹಾಕಿಸಿಕೊಂಡ ಆ ಕುರ್ಚಿಯಲ್ಲೇ ಕೂತಿದ್ದಾರೆ. ಚಕ್ರ ಕಾಣುತ್ತೆ.