ಬುಲ್‌ಡಾಗ್ ಲಾರಿಯ ಹಿಂದಿದ್ದ ಜ್ಯಾಕ್ ಮ್ಯಾಕ್

ಅಮೆರಿಕದಲ್ಲಿ ಯಾರಾದರೂ ಸಖತ್ ಗಟ್ಟಿಮುಟ್ಟಾಗಿದ್ದರೆ ಅವರನ್ನು ಮ್ಯಾಕ್ ಟ್ರಕ್‌ಗೆ ಹೋಲಿಸುತ್ತಾರೆ, ನಾವು ಆನೆಗೆ ಹೋಲಿಸೋ ಹಾಗೆ. ಆ ಮ್ಯಾಕ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಹಳೇ ಅಮೆರಿಕನ್ ಲಾರಿಗಳ ಸ್ಕೇಲ್ ಮಾಡೆಲ್ ಕಟ್ಟೋ ಹುಚ್ಚು ಇರೋರಿಗೆ ಈ ಹೆಸರು ಚೆನ್ನಾಗಿ ಪರಿಚಯ. ನಮಗೂ ಆ ಹುಚ್ಚು ಇದೆ. ಹಾಸ್ಟೆಲ್ ರೂಮಲ್ಲಿ ಸನ್‌ಬೋರ್ಡ್, ಫೆವಿಕ್ವಿಕ್, ಕಟರ್ ಇಟ್ಕೊಂಡು ನಾವು ಕಟ್ಟುತ್ತಿರೋದು ಮ್ಯಾಕ್ ಎಸಿ ಅನ್ನೋ ಲಾರಿ. ಆದರೆ ಈ ಲಾರಿಯ ಬಗ್ಗೆ ಓದುತ್ತಾ ಹೋದಂತೆ ಲಾರಿಗಿಂತ ಆ ಮನುಷ್ಯನ ಕಥೆಯೇ ನಮ್ಮನ್ನು ಹಿಡಿದುಕೊಂಡಿತು.

ಅವರ ಪೂರ್ತಿ ಹೆಸರು ಜಾನ್ ಮೈಕಲ್ ಮ್ಯಾಕ್. ಎಲ್ಲರೂ ಕರೆಯುತ್ತಿದ್ದದ್ದು ಜ್ಯಾಕ್ ಅಂತ. 1864ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಹತ್ತಿರ ಹುಟ್ಟಿದರು. ಜರ್ಮನಿಯಿಂದ ಬಂದು ನೆಲೆಸಿದ್ದ ರೈತ ಕುಟುಂಬ, ಮನೆ ತುಂಬ ಮಕ್ಕಳು. ಹದಿನಾಲ್ಕನೇ ವಯಸ್ಸಿಗೆ ಜ್ಯಾಕ್ ಮನೆ ಬಿಟ್ಟು ಹೊರಟರು. ನಾವೆಲ್ಲ ಒಂಬತ್ತನೇ ಕ್ಲಾಸಲ್ಲಿ ಟ್ಯೂಷನ್‌ಗೆ ಹೋಗ್ತಿದ್ದ ವಯಸ್ಸು ಅದು. ಜ್ಯಾಕ್‌ಗೆ ಸಿಕ್ಕ ಕೆಲಸ ಹೇಸರಗತ್ತೆಗಳನ್ನು ಕಟ್ಟಿದ ಸರಕಿನ ಗಾಡಿ ಹೊಡೆಯೋದು. ಆಮೇಲೆ ಸ್ಟೀಮ್ ಎಂಜಿನ್ ನಡೆಸೋದನ್ನ ಕಲಿತರು. ಕಾಲೇಜು ಇಲ್ಲ, ಡಿಗ್ರಿ ಇಲ್ಲ. ಭಾರ ಎಳೆಯೋದು ಅಂದರೆ ಏನು ಅಂತ ಗೊತ್ತಾಗಿದ್ದು ಕೈಯಲ್ಲಿ ಲಗಾಮು ಹಿಡಿದು.

1890ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫಾಲ್ಸನ್ ಅಂಡ್ ಬೆರ್ರಿ ಅನ್ನೋ ಕುದುರೆ ಗಾಡಿ ಕಾರ್ಖಾನೆಗೆ ಸೇರಿದರು. ಮೂರೇ ವರ್ಷಕ್ಕೆ, 1893ರಲ್ಲಿ, ತಮ್ಮ ಸಹೋದರ ಗಸ್ ಜೊತೆ ಸೇರಿ ಆ ಕಾರ್ಖಾನೆಯನ್ನೇ ಕೊಂಡುಕೊಂಡರು. ಟೈಮಿಂಗ್ ಮಾತ್ರ ಕೆಟ್ಟದಾಗಿತ್ತು. ಅದೇ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ದೊಡ್ಡ ಆರ್ಥಿಕ ಕುಸಿತ ಶುರುವಾಯಿತು. ಹೊಸ ಸಾರೋಟು ಕೊಳ್ಳೋರು ಕಡಿಮೆ ಆದಾಗ ರಿಪೇರಿ ಕೆಲಸ ಅವರ ಕೈ ಹಿಡಿಯಿತು. ಮರುವರ್ಷ ಇನ್ನೊಬ್ಬ ಸಹೋದರ ವಿಲಿಯಂ ಕೂಡ ಬಂದು ಸೇರಿಕೊಂಡರು. ಗಾಡಿ ರಿಪೇರಿ ಮಾಡುತ್ತಲೇ ಸ್ಟೀಮ್‌ನಿಂದ ಓಡೋ ಗಾಡಿ, ಕರೆಂಟಿನಿಂದ ಓಡೋ ಗಾಡಿ ಅಂತ ಪ್ರಯೋಗ ನಡೆಸಿದರು. ಎರಡೂ ಕೈಹಿಡಿಯಲಿಲ್ಲ. ಕೊನೆಗೆ ಪೆಟ್ರೋಲ್ ಎಂಜಿನ್ನಿಗೆ ಬಂದರು.

ಅಲ್ಲಿಂದ ಬಂದದ್ದು ಲಾರಿಯಲ್ಲ, ಬಸ್ಸು. ಊರು ನೋಡಲು ಬಂದವರನ್ನು ಬ್ರೂಕ್ಲಿನ್ ಸುತ್ತಿಸೋದಕ್ಕೆ ಒಂದು ಪ್ರವಾಸಿ ಬಸ್ ಕಟ್ಟಿಕೊಟ್ಟರು. ಕಂಪನಿ ಇವತ್ತಿಗೂ ತನ್ನ ಹುಟ್ಟಿದ ವರ್ಷ 1900 ಅಂತಲೇ ಬರೆದುಕೊಳ್ಳುತ್ತೆ. ಆಗಿನ ಕಾರುಗಳು ಶ್ರೀಮಂತರ ಆಟಿಕೆ ಇದ್ದ ಹಾಗೆ, ದಾರಿಯಲ್ಲಿ ಕೆಟ್ಟು ನಿಲ್ಲೋದು ಮಾಮೂಲಿ. ಬಸ್ಸು ಹಾಗೆ ನಿಂತರೆ ಅವತ್ತಿನ ಸಂಪಾದನೆ ಹೋಯ್ತು. ಹಾಗಾಗಿ ಜ್ಯಾಕ್ ವೇಗದ ಹಿಂದೆ ಬೀಳದೆ ಗಟ್ಟಿತನದ ಹಿಂದೆ ಬಿದ್ದರು. ಶುರುವಿನ ವಾಹನಗಳಿಗೆ ಮ್ಯಾಕ್ ಅನ್ನೋ ಹೆಸರೂ ಇರಲಿಲ್ಲ, ಮ್ಯಾನ್‌ಹಟನ್ ಅಂತ ಮಾರುತ್ತಿದ್ದರು. ಲಾರಿ ಮೇಲೆ ಮ್ಯಾಕ್ ಅಂತ ಬಂದದ್ದು 1910ರಲ್ಲಿ.

ಅಷ್ಟು ಹೊತ್ತಿಗೆ ಬ್ರೂಕ್ಲಿನ್ ಜಾಗ ಸಾಲದೆ 1905ರಲ್ಲೇ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ಗೆ ಕಾರ್ಖಾನೆ ಹೋಗಿತ್ತು. ಇನ್ನಿಬ್ಬರು ಸಹೋದರರು, ಜೋಸೆಫ್ ಮತ್ತು ಚಾರ್ಲ್ಸ್, ಸೇರಿ ಒಟ್ಟು ಐದು ಜನ ಮ್ಯಾಕ್‌ಗಳಾದರು. ಲಾರಿ, ಬಸ್ಸು, ರೈಲು ಹಳಿ ಮೇಲೆ ಓಡೋ ಕಾರುಗಳು, ಆಮೇಲೆ ಬೆಂಕಿ ಆರಿಸೋ ಗಾಡಿ. ಹೆಚ್ಚುಕಮ್ಮಿ ಚಕ್ರ ಇರೋದನ್ನೆಲ್ಲ ಕಟ್ಟಿದರು.

ಇಲ್ಲಿವರೆಗೆ ಇದು ನಮ್ಮ ಸ್ಟಾರ್ಟಪ್ ಸೆಮಿನಾರ್‌ಗಳಲ್ಲಿ ಹೇಳೋ ಥರದ ಕಥೆ. ಮುಂದಿನ ಭಾಗವನ್ನ ಅಲ್ಲಿ ಸಾಮಾನ್ಯವಾಗಿ ಹೇಳಲ್ಲ.

ಆರ್ಡರ್ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ ಬೇಕು. ದೊಡ್ಡ ಬಂಡವಾಳ ಬೇಕಾದಾಗ ಬಂದವರು ನ್ಯೂಯಾರ್ಕಿನ ಹಣಕಾಸಿನ ಮಂದಿ. 1911ರಲ್ಲಿ ಮ್ಯಾಕ್ ಕಂಪನಿಯನ್ನು, ಸ್ವಿಟ್ಜರ್‌ಲೆಂಡಿನ ಸೌರರ್ ಲಾರಿಗಳನ್ನು ಅಮೆರಿಕದಲ್ಲಿ ತಯಾರಿಸುತ್ತಿದ್ದ ಕಂಪನಿಯ ಜೊತೆ ಸೇರಿಸಿದರು. ಹೊಸ ಕಂಪನಿಗೆ ಇಟ್ಟ ಹೆಸರು ಇಂಟರ್‌ನ್ಯಾಷನಲ್ ಮೋಟಾರ್. ಲಾರಿ ಮೇಲೆ ಮ್ಯಾಕ್ ಉಳಿಯಿತು, ಕಂಪನಿಯ ಬೋರ್ಡಿನ ಮೇಲೆ ಉಳಿಯಲಿಲ್ಲ. ಚಾರ್ಲ್ಸ್ 1910ರಲ್ಲೇ ಬಿಟ್ಟು ಹೋಗಿದ್ದರು. 1912ರಲ್ಲಿ ಜ್ಯಾಕ್ ಮತ್ತು ಜೋಸೆಫ್ ಹೊರಟರು. ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿದ ಜಾಗದಲ್ಲಿ ಜ್ಯಾಕ್‌ಗೆ ಕೆಲಸ ಇಲ್ಲದ ಹಾಗಾಯಿತು.

ಜ್ಯಾಕ್ ಸುಮ್ಮನೆ ಕೂರಲಿಲ್ಲ. ರೋಲಂಡ್ ಕಾರ್ ಅನ್ನೋರ ಜೊತೆ ಸೇರಿ ಇನ್ನೊಂದು ಲಾರಿ ಕಂಪನಿ ಶುರು ಮಾಡಿದರು. ಮ್ಯಾಕ್ ಅನ್ನೋ ಹೆಸರು ಈಗ ಬೇರೆಯವರ ಲಾರಿಗಳ ಮೇಲಿತ್ತು. ಇಬ್ಬರ ಹೆಸರನ್ನೂ ಜೋಡಿಸಿ ಇವರ ಲಾರಿಗೆ ಮ್ಯಾಕಾರ್ ಅಂತ ಇಟ್ಟರು. ನಮಗೆ ಈ ವಿಷಯ ಯಾಕೋ ತುಂಬ ಕಾಡಿತು. ಸ್ವಂತ ಹೆಸರನ್ನು ಅರ್ಧ ಮಾಡಿಕೊಂಡು ಮತ್ತೆ ಮೊದಲಿಂದ ಶುರು ಮಾಡೋದು, ಅದೂ ಐವತ್ತರ ಹತ್ತಿರ ಹತ್ತಿರ. ಮ್ಯಾಕಾರ್ ಕೆಲವು ವರ್ಷ ನಡೆಯಿತು, ಆದರೆ ಆ ಹೆಸರು ಇವತ್ತು ಹಳೇ ಲಾರಿ ಪ್ರಿಯರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಈಗ ನಮ್ಮ ಎಸಿ ಲಾರಿಗೆ ಬರೋಣ. ಇದು ಮಾರುಕಟ್ಟೆಗೆ ಬಂದದ್ದು 1916ರಲ್ಲಿ, ಜ್ಯಾಕ್ ಹೋಗಿ ನಾಲ್ಕು ವರ್ಷ ಆದ ಮೇಲೆ. ಇದರ ವಿನ್ಯಾಸ ಎಡ್ವರ್ಡ್ ಹೆವಿಟ್ ಮತ್ತು ಆಲ್ಫ್ರೆಡ್ ಮಸೂರಿ ಅನ್ನೋ ಎಂಜಿನಿಯರುಗಳದ್ದು. ಅಂದರೆ ಮ್ಯಾಕ್ ಅಂದ ತಕ್ಷಣ ಜಗತ್ತಿಗೆ ನೆನಪಾಗೋ ಆ ಲಾರಿಯನ್ನ ಜ್ಯಾಕ್ ಮ್ಯಾಕ್ ಮಾಡಲೇ ಇಲ್ಲ. ಮಾಡೆಲ್ ಕಟ್ಟೋದಕ್ಕೆ ಕೂತರೆ ಮಾತ್ರ ಇದರ ಮಜಾ ಗೊತ್ತಾಗೋದು. ಮುಂದೆ ರೇಡಿಯೇಟರ್ ಇಲ್ಲ! ಬಾನೆಟ್ ಮುಂದಕ್ಕೆ ಇಳಿಜಾರಾಗಿ, ಮೊಂಡು ಮೂಗಿನ ಥರ ಇದೆ. ರೇಡಿಯೇಟರ್ ಇರೋದು ಎಂಜಿನ್ ಹಿಂದೆ, ಡ್ರೈವರ್ ಮುಂದೆ. ಎದುರಿನಿಂದ ಏನೇ ಗುದ್ದಿದರೂ ರೇಡಿಯೇಟರ್ ಒಡೆಯಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗೋದು ಸೈಕಲ್ ಥರ ಚೈನಿನಲ್ಲಿ. ಚಾಸಿ ಮಧ್ಯದಲ್ಲಿ ಡಿಫರೆನ್ಷಿಯಲ್ ಇರೋ ಅಡ್ಡ ಶಾಫ್ಟ್, ಅದರ ಎರಡು ತುದಿಗೆ ಸ್ಪ್ರಾಕೆಟ್, ಅಲ್ಲಿಂದ ಎರಡು ಚೈನು. ಹಿಂದಿನ ಆಕ್ಸಲ್ ಭಾರ ಹೊತ್ತರೆ ಸಾಕು, ತಿರುಗಬೇಕಾಗಿಲ್ಲ. ಅದಕ್ಕೇ ಅದನ್ನ ಬರೀ ಗಟ್ಟಿ ಉಕ್ಕಿನ ಕಂಬಿ ಥರ ಮಾಡಬಹುದಿತ್ತು. ಗುಡ್ಡ ಹತ್ತೋ ಕೆಲಸ ಇದ್ದರೆ ಸ್ಪ್ರಾಕೆಟ್ ಬದಲಾಯಿಸಿದರೆ ಆಯ್ತು, ಗೇರ್ ರೇಷಿಯೋ ಬದಲು.

ಮೊನೊಗ್ರಾಮ್ ಕಂಪನಿ 1970ರ ದಶಕದಲ್ಲಿ ಇದೇ ಲಾರಿಯ 1926ರ ಮಾಡೆಲನ್ನು 1/24 ಅಳತೆಯಲ್ಲಿ ಪ್ಲಾಸ್ಟಿಕ್ ಕಿಟ್ ಆಗಿ ತಂದಿತು. 1/24 ಅಂದರೆ ಒಂದು ಅಡಿಗೆ ಅರ್ಧ ಇಂಚು, ಲೆಕ್ಕ ಸುಲಭ. ನಾವು ಅದೇ ಅಳತೆ ಇಟ್ಕೊಂಡಿದ್ದೀವಿ. ಒಂದು ತಮಾಷೆ ಲೆಕ್ಕ ನೋಡಿ: ಉದ್ದ 24 ಪಟ್ಟು ಕಡಿಮೆ ಆದರೆ ಘನಫಲ 13,824 ಪಟ್ಟು ಕಡಿಮೆ ಆಗುತ್ತೆ. 5 ಟನ್ ತೂಗೋ ಲಾರಿಯನ್ನ ಅದೇ ಉಕ್ಕಲ್ಲಿ ಮಾಡಿದರೂ ಮಾಡೆಲ್ ತೂಕ ಸುಮಾರು 360 ಗ್ರಾಂ ಅಷ್ಟೇ. ಕಷ್ಟ ಇರೋದು ಚೈನಲ್ಲಿ. ಒಂದೊಂದು ಕೊಂಡಿಯೂ ಸಾಸಿವೆ ಕಾಳಿನಷ್ಟು. ನಾವು ಸದ್ಯಕ್ಕೆ ಕಾಗದದ ಪಟ್ಟಿಗೆ ಗೀರು ಹಾಕಿ ಚೈನ್ ಥರ ಕಾಣೋ ಹಾಗೆ ಮಾಡ್ತಿದ್ದೀವಿ, ಒಂದು ಮೊಳ ದೂರದಿಂದ ನೋಡಿದರೆ ಚೆನ್ನಾಗೇ ಕಾಣುತ್ತೆ.

ಮೊದಲನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ ಸೈನ್ಯಗಳು ಸಾವಿರಾರು ಎಸಿ ಲಾರಿಗಳನ್ನು ಕೊಂಡವು. ಫ್ರಾನ್ಸಿನ ಕೆಸರಲ್ಲಿ ಬೇರೆ ಲಾರಿಗಳು ಸಿಕ್ಕಿಹಾಕಿಕೊಂಡರೂ ಇವು ಎಳೆದುಕೊಂಡು ಹೋಗುತ್ತಿದ್ದವಂತೆ. ಆ ಮೊಂಡು ಮೂಗು ನೋಡಿ ಬ್ರಿಟಿಷರು ಇದಕ್ಕೆ ಬುಲ್‌ಡಾಗ್ ಅಂತ ಅಡ್ಡಹೆಸರು ಇಟ್ಟರು ಅನ್ನೋದು ಪ್ರಚಲಿತ ಕಥೆ. ಬುಲ್‌ಡಾಗ್ ಅವರ ದೇಶದ್ದೇ ಸಂಕೇತ, ಹಾಗಾಗಿ ಅದು ಬೈಗುಳ ಅಲ್ಲ, ಬಿರುದು. ಯುದ್ಧ ಮುಗಿದ ಮೇಲೆ ಕಂಪನಿ ಆ ನಾಯಿಯನ್ನೇ ತನ್ನ ಗುರುತು ಮಾಡಿಕೊಂಡಿತು. ಗ್ರಾಹಕರು ಕೇಳುತ್ತಿದ್ದದ್ದೆಲ್ಲ ಮ್ಯಾಕ್ ಲಾರಿಯನ್ನೇ ಆದ್ದರಿಂದ 1922ರಲ್ಲಿ ಕಂಪನಿ ತನ್ನ ಹೆಸರನ್ನೂ ಮ್ಯಾಕ್ ಟ್ರಕ್ಸ್ ಅಂತ ಬದಲಾಯಿಸಿತು. ಹತ್ತು ವರ್ಷದ ಹಿಂದೆ ಹೊರಗೆ ಹೋದವರ ಹೆಸರು ಬಾಗಿಲ ಮೇಲೆ ವಾಪಸ್ ಬಂತು. ಅವರು ಮಾತ್ರ ಬರಲಿಲ್ಲ.

ಎರಡು ವರ್ಷ ಕಳೆಯಿತು. 1924ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ವೆದರ್ಲಿ ಅನ್ನೋ ಸಣ್ಣ ಊರಲ್ಲಿ ಜ್ಯಾಕ್ ಕಾರಲ್ಲಿ ಹೋಗುತ್ತಿದ್ದರು. ಕಾರು ಚಾಂಡ್ಲರ್ ಕಂಪನಿಯದ್ದು, ಹಗುರವಾದ ಕೂಪೆ. ಹಳಿ ಮೇಲೆ ಬಂದ ಟ್ರಾಲಿ ಕಾರು, ಅಂದರೆ ನಮ್ಮ ಹಳೇ ಟ್ರಾಮ್ ಥರದ್ದು, ಅದಕ್ಕೆ ಗುದ್ದಿತು. ಜ್ಯಾಕ್ ತೀರಿಕೊಂಡರು. ವಯಸ್ಸು 59. ಗುದ್ದಿದರೂ ಒಡೆಯದ ಗಾಡಿಗಳಿಗೆ ಹೆಸರು ಕೊಟ್ಟವರು ಹೋದದ್ದು ಹೀಗೆ. ಇದನ್ನ ಬರೀ ವಿಪರ್ಯಾಸ ಅಂತ ಹೇಳಿ ನಕ್ಕು ಮುಂದೆ ಹೋಗೋಕೆ ನಮಗೆ ಮನಸ್ಸಾಗಲಿಲ್ಲ.

ಎಸಿ ಲಾರಿ 1939ರವರೆಗೂ ತಯಾರಾಯಿತು, ಒಟ್ಟು 40,000ಕ್ಕೂ ಹೆಚ್ಚು. ಬಾನೆಟ್ ಮೇಲೆ ಕೂರೋ ಆ ಪ್ರಸಿದ್ಧ ಲೋಹದ ನಾಯಿ ಬಂದದ್ದು ತುಂಬ ತಡವಾಗಿ. ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದ ಮಸೂರಿ ಅವರು, ಹೊತ್ತು ಹೋಗದೆ ನಾಯಿಯ ಗೊಂಬೆ ಕೆತ್ತಿದರಂತೆ. 1932ರಲ್ಲಿ ಅದಕ್ಕೆ ಡಿಸೈನ್ ಪೇಟೆಂಟ್ ಆಯಿತು. ಇವತ್ತು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಮ್ಯಾಕ್‌ನದ್ದೇ ಆಗಿದ್ದರೆ ನಾಯಿಗೆ ಚಿನ್ನದ ಬಣ್ಣ, ಇಲ್ಲದಿದ್ದರೆ ಬೆಳ್ಳಿ ಬಣ್ಣ. ಮಸೂರಿ ಕೂಡ ಹೆಚ್ಚು ದಿನ ಬದುಕಲಿಲ್ಲ. 1933ರ ಏಪ್ರಿಲ್‌ನಲ್ಲಿ ಅಮೆರಿಕ ನೌಕಾಪಡೆಯ ಏಕ್ರನ್ ಅನ್ನೋ ವಾಯುನೌಕೆ ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದಾಗ ಸತ್ತ 73 ಜನರಲ್ಲಿ ಅವರೂ ಒಬ್ಬರು.

ಹಾಗಾಗಿ ಮಾಡೆಲ್ ಕಟ್ಟೋರಿಗೆ ಒಂದು ಮಾತು: 1926ರ ಎಸಿ ಕಟ್ಟುತ್ತಿದ್ದರೆ ಬಾನೆಟ್ ಮೇಲೆ ನಾಯಿ ಅಂಟಿಸಬೇಡಿ, ಆಗ ಅದು ಹುಟ್ಟೇ ಇರಲಿಲ್ಲ. ನಮ್ಮ ಲಾರಿಗೂ ನಾಯಿ ಇಲ್ಲ. ಹಸಿರು ಪೇಂಟ್ ಎರಡು ಕೋಟ್ ಆಗಿದೆ. ಮ್ಯಾಕ್ ಅನ್ನೋ ಅಕ್ಷರಗಳನ್ನ ಸಣ್ಣ ಬ್ರಷ್‌ನಲ್ಲಿ ಬರೆಯೋದು ಬಾಕಿ ಇದೆ.